ಕೆಳಗ ಯಾರ ಹೆಸರು ಹಾಕೂಣ್ರಿ?

ನಮ್ಮ ತಂದೆಯವರ ಪ್ರೆಸ್ ಗಾಂಧಿ ಚೌಕದಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿತ್ತು. ಆಗಿನ್ನೂ ಊರ ಹೆಸರು ವಿಜಾಪುರ. ಎರಡೇ ಕೋಣೆ. ಮುಂದಿನದರಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ, ಹಿಂದಿನದರಲ್ಲಿ ಗೋಡೆಯುದ್ದಕ್ಕೂ ಅಚ್ಚುಮೊಳೆಗಳನ್ನು ತುಂಬಿಟ್ಟ ಮರದ ಖಾನೆಗಳು. ಕನ್ನಡದ ಮೊಳೆ ಜೋಡಿಸುವುದು ಸುಲಭದ ಕೆಲಸವಲ್ಲ. ಅಕ್ಷರ ಬೇರೆ, ಒತ್ತಕ್ಷರ ಬೇರೆ, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಹೀಗಾಗಿ ನಾಲ್ಕು ಸಾಲಿನ ಹ್ಯಾಂಡ್‌ಬಿಲ್ಲಿಗೂ ಅಪ್ಪಾರು ಅರ್ಧ ತಾಸು ಬಗ್ಗಿ ನಿಲ್ಲುತ್ತಿದ್ದರು. ಒಂದು ಮಾತನ್ನು ಅಚ್ಚಿಗೆ ಏರಿಸುವ ಮೊದಲು ಅದರ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಮುಟ್ಟಬೇಕಿತ್ತು. ಮುಟ್ಟುವಾಗ ಮಾತಿನ ತೂಕ ತಾನಾಗಿಯೇ ತಿಳಿಯುತ್ತಿತ್ತು ಎಂದು ಈಗ ಅನಿಸುತ್ತದೆ. ಆಗ ನನಗೆ ತಿಳಿಯುತ್ತಿದ್ದುದು ಸೀಮೆಎಣ್ಣೆಯ ವಾಸನೆ ಮಾತ್ರ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಒಬ್ಬರು ಮಡಚಿದ ಹಾಳೆಯೊಂದನ್ನು ತಂದು, ಐನೂರು ಪ್ರತಿ ಬೇಕು, ನಾಳೆ ಸಂಜೆಯೊಳಗೇ ಬೇಕು, ದುಡ್ಡು ಮುಂಗಡ ಕೊಡುತ್ತೇನೆ ಎಂದರು. ನಮ್ಮ ಓಣಿಯ ಕಿರಾಣಿ ಅಂಗಡಿಯವರೊಬ್ಬರು ಕಲಬೆರಕೆ ಎಣ್ಣೆ ಮಾರುತ್ತಾರೆ, ಅವರ ಮನೆತನವೇ ಅಂಥದ್ದು ಎಂದು ಮೊದಲ್ಗೊಂಡು ಇಲ್ಲಿ ಬರೆಯಲಾಗದ ಮಾತುಗಳವರೆಗೆ ಅದರಲ್ಲಿತ್ತು. ಅಪ್ಪಾರು ಎರಡು ಸಲ ಓದಿದರು.

"ಕೆಳಗ ಯಾರ ಹೆಸರು ಹಾಕೂಣ್ರಿ?"

"ಹೆಸರು ಯಾಕ್ ಬೇಕ್ರಿ? 'ಊರ ಹಿರ್ಯಾರು' ಅಂತ ಹಾಕಿಬಿಡ್ರಿ."

"ಊರ ಹಿರ್ಯಾರಂದ್ರ ನಾನೂ ಅದರಾಗ ಬಂದ್ನೆಲ್ರಿ. ನಾ ಈ ಮಾತು ಹೇಳಿಲ್ಲ."

ಆತ ಹಾಳೆಯನ್ನು ಮತ್ತೆ ಮಡಚಿ ಕಿಸೆಗೆ ಹಾಕಿಕೊಂಡು ಹೋದ. ಎಣ್ಣೆ ಕಲಬೆರಕೆಯೋ ಅಲ್ಲವೋ ಎಂಬ ಚರ್ಚೆಗೇ ಅಪ್ಪಾರು ಇಳಿಯಲಿಲ್ಲ. ಕೈಗೆ ಬಂದ ಕೆಲಸ ತಪ್ಪಿತಲ್ಲ ಎಂದು ಬೇಸರಪಟ್ಟವನು ನಾನೊಬ್ಬನೇ.

ಅವರ ಪ್ರಶ್ನೆ ಬರೀ ಜಾಣತನದ್ದಾಗಿರಲಿಲ್ಲ, ಅದರ ಹಿಂದೆ ಕಾಯ್ದೆಯೂ ಇತ್ತು. ಮುದ್ರಣಾಲಯ ಮತ್ತು ಪುಸ್ತಕ ನೋಂದಣಿಗೆ ಸಂಬಂಧಿಸಿದ 1867ರ ಬ್ರಿಟಿಷ್ ಕಾಲದ ಕಾಯ್ದೆಯ ಪ್ರಕಾರ, ಅಚ್ಚಾಗುವ ಪುಸ್ತಕ ಪತ್ರಿಕೆಗಳ ಮೇಲೆ ಮುದ್ರಕನ ಹೆಸರು ಮತ್ತು ಅಚ್ಚಾದ ಸ್ಥಳ ಓದಲು ಬರುವಂತೆ ಇರಲೇಬೇಕಿತ್ತು. ಆಳುವವರು ಅದನ್ನು ತಂದದ್ದು ಜನರ ಮೇಲೊಂದು ಕಣ್ಣಿಡಲಿಕ್ಕೆ ಎಂಬುದರಲ್ಲಿ ನನಗೇನೂ ಸಂಶಯವಿಲ್ಲ. 2023ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆಯೂ ಬಂತು. ಚುನಾವಣೆಯ ಕರಪತ್ರಗಳ ವಿಷಯದಲ್ಲಿ ಇಂದಿಗೂ ಬಿಗಿ ಹೆಚ್ಚು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಮುದ್ರಕ, ಪ್ರಕಾಶಕ ಇಬ್ಬರ ಹೆಸರು ವಿಳಾಸ ಮೊದಲ ಪುಟದ ಮೇಲೆ ಇರಬೇಕು. ಪ್ರಕಾಶಕನಾದವನು ತನ್ನನ್ನು ಖುದ್ದಾಗಿ ಬಲ್ಲ ಇಬ್ಬರ ಸಾಕ್ಷಿ ಸಹಿಯೊಂದಿಗೆ ಘೋಷಣಾ ಪತ್ರ ಬರೆದುಕೊಡಬೇಕು. ಮೀರಿದರೆ 6 ತಿಂಗಳ ಜೈಲು, 2000 ರೂಪಾಯಿ ದಂಡ, ಅಥವಾ ಎರಡೂ. ಆ ಘೋಷಣಾ ಪತ್ರಗಳ ಕಟ್ಟನ್ನು ಅಪ್ಪಾರು ಕಪಾಟಿನ ಮೇಲಿನ ಖಾನೆಯಲ್ಲಿ, ದೇವರ ಫೋಟೊದ ಪಕ್ಕದಲ್ಲೇ ಇಡುತ್ತಿದ್ದರು.

ಟ್ರೆಡಲ್ ಯಂತ್ರ ಗುಜರಿಗೆ ಹೋಗಿ ಬಹಳ ವರ್ಷವಾಯಿತು. ಅದೇ ಜಾಗದಲ್ಲಿ ಈಗ ನನ್ನ ಅಂಗಡಿ: ಡಿಟಿಪಿ, ಝೆರಾಕ್ಸ್, ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್, ಆನ್‌ಲೈನ್ ಅರ್ಜಿ. ಗಿರಾಕಿಗಳಲ್ಲಿ ಪ್ರತಿಯೊಬ್ಬರ ಕಿಸೆಯಲ್ಲೂ ಒಂದೊಂದು ಪ್ರೆಸ್ ಇದೆ, ಅಪ್ಪಾರ ಯಂತ್ರಕ್ಕಿಂತ ಸಾವಿರ ಪಟ್ಟು ಜೋರಿನದು. ಅದಕ್ಕೆ ಮೊಳೆ ಬೇಡ, ಕರಡು ತಿದ್ದುವವರು ಬೇಡ, ಕೆಳಗಿನ ಹೆಸರೂ ಬೇಡ. ನಾವು "ಫಾರ್ವರ್ಡ್ ಮಾಡಿದೆ" ಎನ್ನುತ್ತೇವೆ. "ಪ್ರಕಟಿಸಿದೆ" ಎಂದು ಯಾರೂ ಅನ್ನುವುದಿಲ್ಲ. ಬಂದದ್ದನ್ನು ಮುಂದಕ್ಕೆ ದೂಡಿದೆ, ನನ್ನದೇನಿದೆ ಎಂಬ ಸಮಾಧಾನ ಆ ಒಂದು ಶಬ್ದದಲ್ಲಿ ಅಡಗಿ ಕೂತಿದೆ. ಟಪಾಲಿನವನಿಗೆ ಈ ಸಮಾಧಾನ ಸಲ್ಲುತ್ತದೆ, ಏಕೆಂದರೆ ಆತ ಕಾಗದ ಒಡೆದು ಓದಿರುವುದಿಲ್ಲ. ನಾವು ಓದಿ, ಮೆಚ್ಚಿ, ಇಂಥವರಿಗೆ ಹೋಗಲಿ ಎಂದು ಆರಿಸಿ ಕಳಿಸುತ್ತೇವೆ. ಪ್ರಕಾಶಕನ ಕೆಲಸವೆಂದರೆ ಇದೇ ಅಲ್ಲವೇ?

ಇದನ್ನು ನಾನು ತಿಳಿದದ್ದು ಬೇರೆಯವರ ತಪ್ಪಿನಿಂದಲ್ಲ.

2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ರಾಜ್ಯದ ತುಂಬ ಹಬ್ಬಿತ್ತು. ನನಗೂ ಒಂದು ವಿಡಿಯೊ ಬಂತು. ಓಣಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದಾರೆ, ಬೈಕಿನ ಮೇಲೆ ಇಬ್ಬರು ಬರುತ್ತಾರೆ, ಒಂದು ಮಗುವನ್ನು ಎತ್ತಿಕೊಂಡು ಹೋಗಿಯೇಬಿಡುತ್ತಾರೆ. ಆಗ ನನ್ನ ಮಗಳಿಗೆ ಆರು ವರ್ಷ. ನೋಡಿದವನೇ ಎದೆ ಧಸಕ್ಕೆಂದು, "ಎಚ್ಚರದಿಂದಿರಿ, ಸಣ್ಣ ಮಕ್ಕಳನ್ನು ಹೊರಗೆ ಬಿಡಬೇಡಿ" ಎಂದು ಮೇಲೊಂದು ಸಾಲು ಬರೆದು ನಮ್ಮ ಓಣಿಯ ಗುಂಪಿಗೆ, ಬೀಗರ ಗುಂಪಿಗೆ, ಹಳೆಯ ಗೆಳೆಯರ ಗುಂಪಿಗೆ ಹಾಕಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಅಂದು ರಾತ್ರಿ ನಿದ್ದೆಯೂ ಚೆನ್ನಾಗಿ ಬಂತು.

ನಾಲ್ಕೈದು ದಿನದ ಮೇಲೆ ನಮ್ಮ ಓಣಿಗೆ ಒಬ್ಬ ಹೆಳವ ಬಂದ. ಹೆಳವರು ನಮ್ಮ ಭಾಗಕ್ಕೆ ಹೊಸಬರಲ್ಲ. ಕೆಲವು ವರ್ಷಕ್ಕೊಮ್ಮೆ ಬಂದು, ಬಾಗಿಲಲ್ಲಿ ನಿಂತು ಮನೆತನದ ಪೂರ್ವಿಕರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವವರು. ಆದರೆ ಓಣಿಯಲ್ಲಿ ಅರ್ಧ ಮನೆಗಳು ಈಗ ಬಾಡಿಗೆಯವರವು. ಹುಡುಗರಿಗೆ ಹೆಳವರೆಂದರೆ ಗೊತ್ತಿಲ್ಲ. ಹೆಗಲ ಮೇಲೆ ದೊಡ್ಡ ಜೋಳಿಗೆ, ಮನೆಯಲ್ಲಿ ಮಕ್ಕಳೆಷ್ಟು, ಅವರ ಹೆಸರೇನು ಎಂಬ ವಿಚಾರಣೆ, ಅವರಿಗೆ ಅಷ್ಟು ಸಾಕಾಯಿತು. ನಾನು ಹೋಗುವಷ್ಟರಲ್ಲಿ ಹದಿನೈದು ಇಪ್ಪತ್ತು ಜನ ಆತನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಆಧಾರ್ ಕಾರ್ಡ್ ತೋರಿಸು ಎಂದು ಜಬರಿಸುತ್ತಿದ್ದರು. ಜೋಳಿಗೆಯ ಜೋಳ ನೆಲಕ್ಕೆ ಚೆಲ್ಲಿತ್ತು. ಒಬ್ಬ ಹುಡುಗ ಮೊಬೈಲನ್ನು ಎತ್ತಿ ಹಿಡಿದು, "ನೋಡ್ರಿ ಬೇಕಾದ್ರ, ಇಲ್ಲೇ ಐತಿ ವಿಡಿಯೊ" ಎಂದು ಸುತ್ತಲಿನವರಿಗೆ ತೋರಿಸುತ್ತಿದ್ದ.

ಅದೇ ವಿಡಿಯೊ. ಅದೇ ಕ್ರಿಕೆಟ್, ಅದೇ ಬೈಕು.

ಎದುರು ಮನೆಯ ಮುತ್ಯಾ ಹೊರಬಂದು, ಹೆಳವನ ಕೈ ಹಿಡಿದು ತಮ್ಮ ಕಟ್ಟೆಯ ಮೇಲೆ ಕೂಡಿಸಿಕೊಂಡು, ಹುಡುಗರನ್ನು ಬೈದು ಚದುರಿಸಿದರು. ಯಾರಿಗೂ ಏನೂ ಆಗಲಿಲ್ಲ ಎಂದು ಹೇಳಬಹುದು. ಆತ ನೀರು ಕುಡಿದ, ಜೋಳವನ್ನು ಬಳಿದು ತುಂಬಿಕೊಳ್ಳಲಿಲ್ಲ, ಹಾಗೇ ಎದ್ದು ಹೋದ. ಅಂದಿನಿಂದ ನಮ್ಮ ಓಣಿಗೆ ಹೆಳವರು ಬಂದಿಲ್ಲ. ಮಗಳ ಹೆಸರು ಆ ಪಟ್ಟಿಯಲ್ಲಿ ಸೇರದೆ ಉಳಿದಿದೆ.

ಆ ಹುಡುಗನಿಗೆ ವಿಡಿಯೊ ನನ್ನಿಂದಲೇ ಹೋಗಿತ್ತೇ? ನಮ್ಮ ಓಣಿಯ ಗುಂಪಿನಲ್ಲಿ ಆತನ ಅಣ್ಣನಿದ್ದ. ಹೋಗಿರಬಹುದು, ಬೇರೆ ಕಡೆಯಿಂದಲೂ ಬಂದಿರಬಹುದು. ಕೆಳಗೆ ಹೆಸರಿಲ್ಲದ ಕರಪತ್ರದ ಗುಣವೇ ಅದು. ಹಂಚಿದವನಿಗೂ ತಾನು ಹಂಚಿದ್ದೆಷ್ಟು ದೂರ ಹೋಯಿತು ಎಂದು ತಿಳಿಯುವುದಿಲ್ಲ.

ಆ ವಿಡಿಯೊ ನಮ್ಮ ದೇಶದ್ದೇ ಅಲ್ಲವೆಂದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಿಸಿದ ಜಾಗೃತಿ ಚಿತ್ರವದು. ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವೊಂದನ್ನು ಬಿಡಿಸಿ ತೋರಿಸುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿದ್ದರು. ಅಷ್ಟೇ ಮಾಡಿದ್ದು. ಸುಳ್ಳು ಸೇರಿಸಿರಲಿಲ್ಲ, ನಿಜವನ್ನು ತೆಗೆದಿದ್ದರು.

ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಯಲ್ಲಿ, ಸಂತೆಗೆ ನೆರೆದಿದ್ದ ಜನ ಐವರನ್ನು ಮಕ್ಕಳ ಕಳ್ಳರೆಂದು ಹಿಡಿದು, ಗ್ರಾಮ ಪಂಚಾಯತಿಯ ಕೋಣೆಯಲ್ಲಿ ಕೂಡಿಹಾಕಿ ಹೊಡೆದು ಕೊಂದರು. ಸತ್ತವರು ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಡವರಿ ಗೋಸಾವಿ ಸಮುದಾಯದವರು, ಮಂಗಳವೇಢೆಯ ಕಡೆಯವರು. ಮಂಗಳವೇಢೆ ನಮಗೆ ದೂರದ ಊರಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿದರೆ ಅದೇ ತಾಲ್ಲೂಕು, ಬಸವಣ್ಣನವರು ಇದ್ದ ಊರೆಂದು ನಾವು ಕೈಮುಗಿಯುವ ನೆಲ. ಇನ್ನು ಹನ್ನೆರಡು ದಿನ ಕಳೆಯುವುದರೊಳಗೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರನ್ನು ಬೆನ್ನಟ್ಟಿ, ಅವರಲ್ಲೊಬ್ಬ ಎಂಜಿನಿಯರನನ್ನು ಕೊಂದರು. ಆ ಎರಡು ಸುದ್ದಿಗಳನ್ನು ಓದುವಾಗ ನನ್ನ ಕಣ್ಣೆದುರಿಗೆ ಇದ್ದುದು ನಮ್ಮ ಓಣಿಯ ನೆಲದ ಮೇಲೆ ಚೆಲ್ಲಿದ್ದ ಜೋಳ. ಆ ದಿನ ಮುತ್ಯಾ ಮಲಗಿದ್ದರೆ, ಅಥವಾ ಊರಿಗೆ ಹೋಗಿದ್ದರೆ?

ಆ ವರ್ಷದ ಜುಲೈನಲ್ಲಿಯೇ ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶಗಳಿಗೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಐದೋ ಅದಕ್ಕೂ ಹೆಚ್ಚೋ ಸಲ ದಾಟಿ ಬಂದ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಬೀಳುತ್ತದೆ. ಮುದ್ರಕನ ಮಗನಾದ ನನಗೆ ಆ ಜೋಡಿ ಬಾಣ ಒಂದು ಬಗೆಯ ವಿಚಿತ್ರ ಮುದ್ರೆಯಾಗಿ ಕಾಣುತ್ತದೆ: ಇದನ್ನು ಬರೆದವರು ಯಾರೆಂದು ಕಳಿಸಿದವನಿಗೂ ಗೊತ್ತಿಲ್ಲ ಎಂದು ಸಾರಿ ಹೇಳುವ ಮುದ್ರೆ. ನಮ್ಮ ಮಂದಿಯಲ್ಲಿ ಬಹಳಷ್ಟು ಜನ ಅದನ್ನು ತಿರುವಿ ಓದುತ್ತಾರೆ. ಇಷ್ಟು ಜನ ಕಳಿಸಿದ್ದಾರೆಂದ ಮೇಲೆ ಖರೇನೇ ಇರಬೇಕು ಎಂದು.

ಕೊಲೆ, ವದಂತಿಗಳ ಮಾತು ಬಿಟ್ಟು ಹಗುರವಾದದ್ದೊಂದನ್ನು ಹೇಳುತ್ತೇನೆ, ಆದರೆ ನನ್ನ ಮಟ್ಟಿಗೆ ಅದೂ ಹಗುರವಲ್ಲ. ಬಸವ ಜಯಂತಿ ಹತ್ತಿರ ಬಂದರೆ ಫ್ಲೆಕ್ಸ್ ಡಿಸೈನಿಗೆ ಸಾಲು ಹಚ್ಚುತ್ತಾರೆ. ವಚನ ಯಾವುದೆಂದು ಕೇಳಿದರೆ ಮೊಬೈಲಿನಿಂದ ಒಂದು ಚಿತ್ರ ತೋರಿಸುತ್ತಾರೆ. ಗುಡ್ ಮಾರ್ನಿಂಗ್, ಗುಲಾಬಿ ಹೂವು, ನಡುವೆ ನಾಲ್ಕು ಸಾಲು, ಕೊನೆಯಲ್ಲಿ ಕೂಡಲಸಂಗಮದೇವ. ಓದಿದೊಡನೆ ಕಿವಿಗೆ ತಟ್ಟುತ್ತದೆ: ಹನ್ನೆರಡನೆಯ ಶತಮಾನದ ಮಾತಲ್ಲ, ಯಾವುದೋ ವ್ಯಕ್ತಿತ್ವ ವಿಕಸನದ ಭಾಷಣದ ತುಣುಕು. ಅಂಕಿತ ಹಚ್ಚಿದರೆ ವಚನವಾಯಿತು ಎಂಬ ಧೈರ್ಯ.

ಇದು ನಡೆಯುವುದು ಎಲ್ಲಿ? ಫ. ಗು. ಹಳಕಟ್ಟಿಯವರ ಊರಿನಲ್ಲಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲರಾಗಿ ವಿಜಾಪುರಕ್ಕೆ ಬಂದು ಇಲ್ಲೇ ನೆಲೆ ನಿಂತ ಅವರು, ಮಠಗಳ ಅಟ್ಟದಲ್ಲೂ ಮನೆಗಳ ಜಗಲಿಯ ಮೇಲೂ ಪೂಜೆಗೊಳ್ಳುತ್ತ ಕೂತಿದ್ದ ತಾಳೆಗರಿಯ ಕಟ್ಟುಗಳನ್ನು ಊರೂರು ಅಲೆದು ಬೇಡಿ ತಂದು, ಪ್ರತಿ ಮಾಡಿ, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಪಾಠ ನೋಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಮುಂದೆ 1925ರಲ್ಲಿ ಇದೇ ಊರಿನಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನೇ ಹಾಕಿದರು. ಅದಕ್ಕಾಗಿ ಇದ್ದೊಂದು ಮನೆಯನ್ನು ಮಾರಿದರೆಂದು ಊರಲ್ಲಿ ಈಗಲೂ ಹೇಳುತ್ತಾರೆ. ಮರುವರ್ಷ ಶಿವಾನುಭವ ಪತ್ರಿಕೆ. ಅಪ್ಪಾರಿಗೆ ಅವರ ಬಗ್ಗೆ ಇದ್ದ ಗೌರವ ಭಕ್ತನದ್ದಲ್ಲ, ಕಸುಬಿನವನದ್ದು. ಒಂದು ಒತ್ತಕ್ಷರ ಹೆಚ್ಚುಕಡಿಮೆಯಾದರೆ ಶರಣರ ಬಾಯಲ್ಲಿ ನಾವು ಮಾತು ತುರುಕಿದಂತೆ ಎಂದು ಅವರು ಅನ್ನುತ್ತಿದ್ದರು.

ಈಗ ಆ ಅಲೆದಾಟ ಬೇಡ. ನಮ್ಮದೇ ಜಿಲ್ಲೆಯ ಸಿಂದಗಿ ಸೀಮೆಯಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ತಂದಿದೆ. ವಚನ ಸಂಚಯ ಎಂಬ ಅಂತರ್ಜಾಲ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಒಂದೊಂದು ಪದ ಹಿಡಿದು ಹುಡುಕಬಹುದು. ನಾನು ಗಿರಾಕಿಯ ಎದುರಿಗೇ ಹುಡುಕುತ್ತೇನೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಸಿಗದಿದ್ದರೆ, ಸಿಗುವ ಬೇರೊಂದನ್ನು ತೋರಿಸಿ ಇದನ್ನು ಹಾಕೋಣ ಎನ್ನುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಒಬ್ಬಿಬ್ಬರು ಮುಖ ಸಿಂಡರಿಸಿಕೊಂಡು ಬಾಜೂ ಅಂಗಡಿಗೆ ಹೋದದ್ದೂ ಉಂಟು.

ಅಂಗಡಿಯ ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಪ್ರಿಂಟ್ ಬೇಕಾದವರು ಆಧಾರ್, ಪಾಸ್‌ಬುಕ್ಕು, ಅಂಕಪಟ್ಟಿ, ಉತಾರ, ಎಲ್ಲವನ್ನೂ ನನ್ನ ವಾಟ್ಸ್‌ಆ್ಯಪ್ಪಿಗೆ ಕಳಿಸುತ್ತಾರೆ. ಹತ್ತು ರೂಪಾಯಿ ಕೊಟ್ಟು ಹೋಗುತ್ತಾರೆ. ಅವರ ಬದುಕೆಲ್ಲ ನನ್ನ ಮೊಬೈಲಿನಲ್ಲಿ ಉಳಿಯುತ್ತದೆ. ಬಹಳ ದಿನ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ. ಒಂದು ದಿನ ಒಬ್ಬ ಹುಡುಗನ ಅರ್ಜಿ ತುಂಬುವಾಗ, ಕಂಪ್ಯೂಟರಿನ ಪರದೆಯ ಮೇಲೆ ಹಿಂದಿನ ದಿನದ ಒಬ್ಬ ತಾಯಿಯ ಆಧಾರ್ ಕಾರ್ಡು ಮುಖ ಮೇಲಾಗಿ ತೆರೆದೇ ಇತ್ತು. ಹುಡುಗ ನೋಡಿ, "ಅಣ್ಣಾರ, ಇದು ನಮ್ಮ ದೊಡ್ಡವ್ವಂದಲ್ರಿ?" ಎಂದ. ನಗುತ್ತಲೇ ಕೇಳಿದ. ನನಗೆ ಮಾತ್ರ ನಾಚಿಕೆಯಾಯಿತು. ಅಂದಿನಿಂದ ಸಂಜೆ ಕಸ ಗುಡಿಸುವಂತೆ ಅಂದಂದಿನ ಕಾಗದಗಳನ್ನು ಅಳಿಸಿಯೇ ಶಟರ್ ಎಳೆಯುತ್ತೇನೆ. ಕೊನೆಯ 4 ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿಯನ್ನೂ ತೆಗೆಯಲು ಬರುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತಲ್ಲ, ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ ಕೋರ್ಟಿಗೆ ಹೋದವರು. ಅವರು ಗೆದ್ದುಕೊಟ್ಟದ್ದನ್ನು ಝೆರಾಕ್ಸ್ ಅಂಗಡಿಯ ಮೇಜಿನ ಮೇಲೆ ಕಾಯಬೇಕಾದವನು ನಾನೇ ಎಂಬುದು ನನಗೆ ಹೊಳೆದದ್ದು ತಡವಾಗಿ.

ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆಂದು ಹೆದರಿಸಿ ದುಡ್ಡು ಕೀಳುವ ಡಿಜಿಟಲ್ ಅರೆಸ್ಟ್ ಎಂಬ ಮೋಸದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತಾಗಿದೆ. ವಿಡಿಯೊ ಕರೆಯ ಮೇಲೆ ಯಾರನ್ನೂ ಬಂಧಿಸುವ ಕಾನೂನು ನಮ್ಮಲ್ಲಿಲ್ಲ; ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಕೇಳಿಸಿದ ಅಂಥ ಕರೆಯ ಧ್ವನಿಮುದ್ರಣ ನಮ್ಮ ವಿಜಯಪುರದ ಯುವಕನೊಬ್ಬನಿಗೆ ಬಂದದ್ದು. ಆತ ಹೆದರಿ ಹಣ ಕಳಿಸುವ ಬದಲು ಕರೆಯನ್ನು ದಾಖಲಿಸಿಕೊಂಡ. ಅವನಿಂದಾಗಿ ಎಷ್ಟು ಜನ ಉಳಿದರೋ.

ಹಾಗಾದರೆ ಎಲ್ಲದಕ್ಕೂ ಕಾಯ್ದೆ ಬೇಕು, ಹೆಸರಿಲ್ಲದೆ ಯಾರೂ ಬಾಯಿ ತೆರೆಯಬಾರದು ಎನ್ನುತ್ತೀಯಾ ಎಂದು ಗೆಳೆಯನೊಬ್ಬ ಕೇಳಿದ. ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಏನು ಮಾಡಿತೆಂದು ನೋಡಿದ್ದೇವೆ; ಫೇಸ್‌ಬುಕ್ಕಿನ ಒಂದು ಸಾಲಿಗೆ, ಆ ಸಾಲಿಗೆ ಒತ್ತಿದ ಒಂದು ಲೈಕಿಗೆ ಹುಡುಗಿಯರನ್ನು ಬಂಧಿಸಿದ ಮೇಲೆ, 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ್ದು ಸರಿಯೇ. ಬಲಾಢ್ಯರ ಅನ್ಯಾಯ ಹೇಳುವ ಬಡವನಿಗೆ ಹೆಸರು ಮರೆಸುವ ಆಸರೆ ಬೇಕಾಗುತ್ತದೆ. ನನ್ನ ಪ್ರಶ್ನೆ ಪೊಲೀಸರು ಕೇಳುವುದಲ್ಲ, ಅಪ್ಪಾರು ಕೇಳಿದ್ದು. ಅದನ್ನು ಗಲ್ಲೆಯ ಈಚೆ ಕೂತವನು ಕೇಳುತ್ತಾನೆ. ಈಗ ಗಲ್ಲೆಯ ಎರಡೂ ಕಡೆ ನಾನೇ ಕೂತಿದ್ದೇನೆ, ಹಾಗಾಗಿ ಕೇಳುವವರೇ ಇಲ್ಲವಾಗಿದ್ದಾರೆ.

ಬೇರೆಯವರಿಗೆ ಕೇಳುವುದಾದರೆ ಹೇಗೆ ಕೇಳಬೇಕು ಎಂಬುದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಮ್ಮ ಸೋದರಮಾವ ಭೀಮಾ ತೀರದ ಹಳ್ಳಿಯವರು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹರಿದಾಗ, ಮೇಲಿನ ಅಣೆಕಟ್ಟೆಯೊಂದು ಒಡೆಯಿತೆಂಬ ವಿಡಿಯೊವನ್ನು ಅವರು ಬೀಗರ ಗುಂಪಿಗೆ ಹಾಕಿದರು. ಅದು ಯಾವುದೋ ದೇಶದ, ಎಷ್ಟೋ ವರ್ಷ ಹಿಂದಿನ ದೃಶ್ಯ. ನಾನು ಅರವತ್ತು ಜನರಿದ್ದ ಗುಂಪಿನಲ್ಲೇ, "ಮಾವಾರ, ಇದು ಸುಳ್ಳು, ಹಿಂಗೆಲ್ಲ ಹಾಕಬ್ಯಾಡ್ರಿ" ಎಂದು ಬರೆದು, ಕೆಳಗೆ ಸಾಕ್ಷಿಗಳನ್ನೂ ಅಂಟಿಸಿದೆ. ಹೇಳಿದ್ದು ನಿಜವಾಗಿತ್ತು, ಹೇಳಿದ ರೀತಿ ಮಾತ್ರ ಹಿರಿಯರನ್ನು ಬೀಗರ ಪಂಕ್ತಿಯಿಂದ ಎಬ್ಬಿಸಿದಂತಿತ್ತು. ಮಾವ ಗುಂಪು ಬಿಟ್ಟರು. ಆ ದೀಪಾವಳಿಗೆ ನಮ್ಮ ಮನೆಗೆ ಬರಲಿಲ್ಲ.

ಸಂಕ್ರಮಣಕ್ಕೆ ಎಳ್ಳು ಬೆಲ್ಲ ಕಟ್ಟಿಕೊಂಡು ನಾನೇ ಹೋದೆ. ಬಹಳ ಹೊತ್ತು ಬೆಳೆಯ ಮಾತು, ಕಬ್ಬಿನ ಬಿಲ್ಲಿನ ಮಾತು ಆಯಿತು. ಚಹಾ ಕುಡಿಯುವಾಗ ಅವರೇ ತೆಗೆದರು: "ಅರವತ್ತು ಮಂದ್ಯಾಗ ನನ್ನ ಸುಳ್ಳ ಮಾಡಿದ್ಯಲ್ಲೋ. ಹೊಳಿ ದಂಡ್ಯಾಗ ನಾ ಇದ್ದೆ. ರಾತ್ರಿ ನೀರು ಬರಾಕತ್ತಿತ್ತು. ನಂಗೇನ್ ಮೋಜು ಇತ್ತೇನು ಅದನ್ನ ಹಾಕಾಕ?" ಅವರ ಹೆದರಿಕೆ ನಿಜವಾದದ್ದು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ವಿಜಯಪುರದ ಅಂಗಡಿಯಲ್ಲಿ ಕೂತವನಿಗೆ ಹೊಳೆಯುವುದೂ ಇಲ್ಲ. ಆಗ ನಾನು ಹೆಳವನ ಕಥೆಯನ್ನು ಹೇಳಿದೆ, ವಿಡಿಯೊ ಹಂಚಿದವನು ನಾನೇ ಎಂಬುದನ್ನೂ ಸೇರಿಸಿ. ಅಪ್ಪಾರ ಕಿರಾಣಿ ಅಂಗಡಿಯ ಕಥೆಯನ್ನೂ ಹೇಳಿದೆ. ಮಾವ ಏನೂ ಅನ್ನಲಿಲ್ಲ. ಮರಳಿ ಗುಂಪಿಗೆ ಸೇರಿದ್ದು ಆರು ತಿಂಗಳ ಮೇಲೆ.

ಈಗ ಅವರು ಅನುಮಾನ ಬಂದದ್ದನ್ನು ಮೊದಲು ನನಗೊಬ್ಬನಿಗೇ ಕಳಿಸಿ, "ಖರೇ ಏನ್ ನೋಡು" ಎನ್ನುತ್ತಾರೆ. ಅಂಗಡಿಯ ಗದ್ದಲದಲ್ಲಿ ನಾನು ಉತ್ತರಿಸುವುದು ತಡವಾದರೆ ಕಾಯದೆ ಗುಂಪಿಗೆ ಹಾಕಿಬಿಡುವುದೂ ಇದೆ. ಕಳೆದ ಮಳೆಗಾಲದಲ್ಲಿ ಮತ್ತೆ ಹೊಳೆ ಏರಿದಾಗ, ಬೀಗರ ಗುಂಪಿನಲ್ಲಿ ಮುಂಜಾನೆಯೇ ಮಾವನ ಸಂದೇಶವಿತ್ತು. ವಿಡಿಯೊ ಇರಲಿಲ್ಲ, ಬಾಣದ ಗುರುತೂ ಇರಲಿಲ್ಲ. ಅವರೇ ಒಂದೊಂದು ಅಕ್ಷರ ಹುಡುಕಿ ಒತ್ತಿ ಬರೆದದ್ದೆಂದು ಕಾಗುಣಿತದ ತಪ್ಪುಗಳಿಂದಲೇ ತಿಳಿಯುತ್ತಿತ್ತು. "ನೀರು ಹಣಮಪ್ಪನ ಗುಡಿ ಮೂರನೇ ಪಾವಟಗಿಗೆ ಬಂದದ. ಮುಂಜಾನೆ ಆರಕ್ಕ ನಾನ ಹೋಗಿ ನೋಡೀನಿ. ಸಂಜಿಗಿ ಮತ್ತ ನೋಡಿ ಹೇಳತೀನಿ." ಅದರ ಕೆಳಗೆ ತಮ್ಮ ಪೂರ್ತಿ ಹೆಸರು, ಊರು, ತಾಲ್ಲೂಕು, ಜಿಲ್ಲೆ ಬರೆದಿದ್ದರು.